ನಲವತ್ತೆಂಟು ದಿನ ಬರಿಗಾಲು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ಚೇಳೂರಿನ ನಮ್ಮವ್ವ ಕಲಿಸಿ ಕಳಿಸಿದ್ದಳು. ಇಪ್ಪತ್ತೆಂಟು ವರ್ಷ ಪಾಲಿಸಿದೆ. ಈಗ ಆಸ್ಪತ್ರೆಯ ಫಾರಂಗಳಲ್ಲಿ ಬರೆದೂ ಬರೆದೂ, ಕೌಂಟರಿನ ಹುಡುಗಿಯರಿಗೆ ಕೂಗಿ ಹೇಳಿಯೂ ಹೇಳಿಯೂ ಆ ನಾಚಿಕೆ ಹೊರಟುಹೋಗಿದೆ. ಹೆಸರು ಚನ್ನೇಶ್. ವಯಸ್ಸು ಐವತ್ತಾರು. ಖಾಸಗಿ ಬಸ್ಸಿನ ಡ್ರೈವರ್. ಡ್ರೈವರ್ ಆಗಿದ್ದರು ಎಂದು ಬರೆಯಬೇಕಿತ್ತು, ಕೈ ಇನ್ನೂ ಮಾತು ಕೇಳುತ್ತಿಲ್ಲ. ಅವರ ಬಲಗಾಲು ಮೊಣಕಾಲಿನಿಂದ ಕೆಳಗೆ ಈಗ ಇಲ್ಲ. ಸಕ್ಕರೆ ಕಾಯಿಲೆ ಕಾಲನ್ನೇ ತಿಂದುಹಾಕಿತು ಎಂದು ಬಟವಾಡಿಯ ನಮ್ಮ ಬೀದಿಯವರು ಮಾತಾಡಿಕೊಳ್ಳುತ್ತಾರೆ. ಮಾತಾಡಿಕೊಳ್ಳಲಿ. ಆ ಕಾಲು ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಇನ್ಯಾರೂ ಹೇಳುವುದಿಲ್ಲ, ನಾನೇ ಹೇಳಬೇಕು.

ಅವರು ಕುಣಿಗಲ್ ಕಡೆಯವರು. ಹದಿನೇಳನೇ ವಯಸ್ಸಿಗೆ ಲಾರಿಯಲ್ಲಿ ಕ್ಲೀನರಾಗಿ ಹತ್ತಿದರು. ನಮ್ಮ ಮದುವೆಯಾದ ವರ್ಷವೇ ಬಸ್ಸಿನ ಸ್ಟೇರಿಂಗ್ ಹಿಡಿದರು. ಕುಣಿಗಲ್ಲಿನಿಂದ ತುಮಕೂರು, ತುಮಕೂರಿನಿಂದ ಗುಬ್ಬಿ, ಗುಬ್ಬಿಯಿಂದ ಚೇಳೂರು, ಮತ್ತೆ ಅದೇ ದಾರಿಯಲ್ಲಿ ವಾಪಸ್. ಚೇಳೂರಿಗೆ ದಿನಾ ಹೋಗುತ್ತಿದ್ದರೂ ಮಾವನ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದವರಲ್ಲ. "ಗಾಡಿ ನಿಲ್ಸಿ ನೆಂಟಸ್ತಿಕೆ ಮಾಡಕ್ಕಾಯ್ತದಾ? ಹತ್ತು ನಿಮಿಷ ಟೈಮು ಕಣೇ" ಎನ್ನುತ್ತಿದ್ದರು. ಆದರೆ ಸಂತೆ ಮೂಟೆ ಹೊತ್ತು ಓಡಿಬರುವ ಯಾವ ಮುದುಕಿಯನ್ನೂ ಬಿಟ್ಟು ಹೋದವರಲ್ಲ. ಕಂಡಕ್ಟರ್ ನರಸಯ್ಯ ಡಬಲ್ ವಿಷಲ್ ಹೊಡೆದರೂ ಕನ್ನಡಿಯಲ್ಲಿ ನೋಡುತ್ತಾ ನಿಂತಿರುತ್ತಿದ್ದರಂತೆ. ಸೀಟಿಗೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟು, ಬರಿಗಾಲಲ್ಲೇ ಗಾಡಿ ಓಡಿಸುತ್ತಿದ್ದರು. ಅನ್ನ ಕೊಡುವ ಗಾಡಿಯನ್ನು ಚಪ್ಪಲಿಗಾಲಲ್ಲಿ ತುಳಿಯಬಾರದಂತೆ. ಆ ರೂಟಿನ ಎಷ್ಟೋ ಹಳೆಯ ಡ್ರೈವರುಗಳು ಹೀಗೇ.

ಊಟ ತಿಂಡಿಯ ವಿಷಯಕ್ಕೆ ಬಂದರೆ ಮಾತ್ರ ಅಯ್ಯೋ ದೇವರೇ. ಕುಣಿಗಲ್ ಸ್ಟ್ಯಾಂಡಿನಲ್ಲಿ ಒಂದು ಟೀ, ತುಮಕೂರಿನಲ್ಲಿ ಎರಡು, ಗುಬ್ಬಿಯಲ್ಲಿ ಆಲೂಗಡ್ಡೆ ಬೋಂಡದ ಜೊತೆ ಮತ್ತೊಂದು. ಟೀ ಎಂದರೆ ಟೀ ಅಲ್ಲ, ಪಾಕ. ಮಧ್ಯಾಹ್ನದ ಊಟ ಒಂದು ದಿನ ಹನ್ನೆರಡಕ್ಕೆ, ಇನ್ನೊಂದು ದಿನ ನಾಲ್ಕಕ್ಕೆ, ಮತ್ತೊಂದು ದಿನ ಇಲ್ಲವೇ ಇಲ್ಲ. ಮನೆಗೆ ಬಂದು ಎರಡು ಮುದ್ದೆ ಉಂಡರೆ ಅಲ್ಲೇ ನಿದ್ದೆ. ನಾನು ಅಂಗನವಾಡಿ ಟೀಚರು. ಮೂವತ್ತು ಮಕ್ಕಳಿಗೆ ದಿನಾ ಕೈ ತೊಳೆಯುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಉಗುರು ಕತ್ತರಿಸುವುದು ಎಲ್ಲ ಹೇಳಿಕೊಡುತ್ತೇನೆ. ತೂಕ ಹಾಕಿ ಚಾರ್ಟಿನಲ್ಲಿ ಚುಕ್ಕಿ ಇಡುತ್ತೇನೆ. ಮನೆಯಲ್ಲಿದ್ದ ಈ ದೊಡ್ಡ ಮಗುವಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯಿತು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅವರಿಗೆ ಊಟ ಬರುತ್ತಿರಲಿಲ್ಲ, ನನಗೆ ಮಾತು ಬರುತ್ತಿರಲಿಲ್ಲ. ಹಾಗಾಗಿ ರೋಗವೂ ಬಂತು, ಜಗಳವೂ ಬಂತು.

ಮೊದಲು ಗೊತ್ತಾದದ್ದು ಒಂದು ಸಂಜೆ ತರಕಾರಿ ತರಲು ಹೋದಾಗ. ಇಬ್ಬರೂ ನಡೆದು ಬರುತ್ತಿದ್ದೆವು. ಹಿಂದಿನಿಂದ ಯಾರೋ "ಅಣ್ಣಾ, ನಿನ್ ಚಪ್ಲಿ!" ಎಂದು ಕೂಗಿದರು. ನೋಡಿದರೆ ಇವರ ಬಲಗಾಲಿನ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದಿದೆ, ಇವರು ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದಾರೆ. ಕಳಚಿದ್ದೇ ತಿಳಿದಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ನಾಳೆ ಪಂಚೆ ಬಿಚ್ಚಿ ಬಿದ್ರೂ ಗೊತ್ತಾಗಲ್ವೇನ್ರೀ ನಿಮ್ಗೆ" ಎಂದೆ. ಅವರೂ ನಕ್ಕರು. ನಗುವ ವಿಷಯ ಅದಲ್ಲ ಎಂದು ಆಗ ನಮಗೆ ಹೇಳುವವರು ಯಾರಿದ್ದರು?

ಬಟವಾಡಿಯಲ್ಲೇ ಕ್ಲಿನಿಕ್ ಇಟ್ಟಿರುವ ರಘುನಂದನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಮುನ್ನೂರ ನಲವತ್ತು. ಆಮೇಲೆ ಇವರನ್ನು ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಸಣ್ಣ ಪ್ಲಾಸ್ಟಿಕ್ ದಾರದಂಥದ್ದನ್ನು ಅಂಗಾಲಿಗೆ ಒತ್ತಿ ಒತ್ತಿ ನೋಡಿದರು.

"ಗೊತ್ತಾಗ್ತಿದೆಯಾ?"

"ಏನು ಸಾರ್?" ಎಂದರು ಇವರು.

ಡಾಕ್ಟರು ದಾರವನ್ನು ಮೇಜಿನ ಮೇಲಿಟ್ಟರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ದಿನಾ ಬೆಳಗ್ಗೆ ಒಂದು ಗಂಟೆ ನಡಿಗೆ. ಕಾಲಿಗೆ ಯಾವಾಗಲೂ ಶೂ. ಮನೆಯೊಳಗೂ ಬರಿಗಾಲು ಬೇಡ. ಸಕ್ಕರೆ ಇಳಿಯದಿದ್ದರೆ ಲೈಸೆನ್ಸ್ ರಿನ್ಯೂವಲ್‌ಗೆ ಬೇಕಾದ ಸರ್ಟಿಫಿಕೇಟಿಗೆ ತಾನು ಸಹಿ ಹಾಕುವುದಿಲ್ಲ. ರಿನ್ಯೂವಲ್‌ಗೆ ಇನ್ನು ಐದು ತಿಂಗಳಿತ್ತು. ಗಾಡಿ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಏನೂ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಮ್ಮ ಮಗಳು ದೀಪಿಕಾ ಬಿಕಾಂ ಓದುತ್ತಾಳೆ. ಅಪ್ಪನಿಗೆಂದು ಬಣ್ಣದ ಪೆನ್ನಿನಲ್ಲಿ ಒಂದು ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಐದಕ್ಕೆ ಏಳುವುದು, ಬಿಸಿನೀರು, ವಾಕಿಂಗ್, ಆರೂವರೆಗೆ ಮಾತ್ರೆ, ಏಳಕ್ಕೆ ತಿಂಡಿ. ಒಂದು ಜೊತೆ ಕ್ಯಾನ್ವಾಸ್ ಶೂ ತಂದಳು. ನಾಲ್ಕು ದಿನ ನಡೆಯಿತು. ಐದನೇ ದಿನ ಎದ್ದು, ಶೂ ಹಾಕಿಕೊಂಡು, ಸೋಫಾದ ಮೇಲೆ ಕೂತು ಅಲ್ಲೇ ನಿದ್ದೆ ಹೋದರು. ಆರನೇ ದಿನ ಏಳಲೇ ಇಲ್ಲ. "ಸ್ಟೇರಿಂಗ್ ತಿರುಗ್ಸಿ ತಿರುಗ್ಸಿ ಸಾಕಾಗಿರ್ತದೆ, ಇನ್ನ ನಡಿಯಾದು ಬೇರೆನಾ?" ಎಂದರು. ಮಗಳು ಅತ್ತಳು, ನಾನು ಬೈದೆ. ಯಾವ ಬೈಗುಳ ಬೈದೆನೋ ಈಗ ನೆನಪಿಲ್ಲ, ಪಕ್ಕದ ಮನೆಯ ರೇವಮ್ಮ ಕಿಟಕಿ ತೆರೆದದ್ದು ಮಾತ್ರ ನೆನಪಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಇವರು ತಮಗಾಗಿ ಒಂದು ಕೆಲಸವನ್ನು ದಿನಾ ಮಾಡಿದ್ದು ನಾನು ನೋಡಿಯೇ ಇಲ್ಲ. ಬೇರೆಯವರಿಗಾಗಿಯಾದರೆ ಒಂದು ದಿನವೂ ತಪ್ಪಿಸಿದವರಲ್ಲ.

ಅಲ್ಲಿಯೇ ನನ್ನ ತಲೆ ಓಡಿದ್ದು. ಓಡದೆ ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿ ಒಂದು ಸಣ್ಣ ಗುಡ್ಡ, ಅದರ ಮೇಲೆ ಬಸವಣ್ಣನ ಗುಡಿ ಇದೆ. ಕಾರ್ತಿಕದ ಹಿಂದಿನ ಭಾನುವಾರ ನಾನೊಬ್ಬಳೇ ಹೋಗಿ ಹರಕೆ ಹೊತ್ತೆ. ನನ್ನ ಗಂಡ ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ, ಬರಿಗಾಲಲ್ಲಿ ನಡೆದು ಬಂದು ನಿನಗೆ ಒಂದು ಚೊಂಬು ನೀರು ಎರೆಯುತ್ತಾರೆ, ಅವರ ಸಕ್ಕರೆ ಇಳಿಸಪ್ಪ, ಸ್ಟೇರಿಂಗ್ ಅವರ ಕೈಯಲ್ಲೇ ಇರಲಿ ಎಂದು ಬೇಡಿಕೊಂಡೆ. ನಡೆದು ಬರುತ್ತಾರೆ ಎಂದಷ್ಟೇ ಅಂದಿದ್ದರೂ ನಡೆಯುತ್ತಿತ್ತು. ಆದರೆ ಹರಕೆ ಎಂದರೆ ಸ್ವಲ್ಪ ಕಷ್ಟ ಇರಬೇಕಲ್ಲ, ಶೂ ಹಾಕಿಕೊಂಡು ಹರಕೆ ತೀರಿಸುತ್ತಾರೆಯೇ? ಡಾಕ್ಟರು ಶೂ ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅದು ರಸ್ತೆಯ ಮಾತು, ಇದು ದೇವರ ದಾರಿ ಎಂದುಕೊಂಡೆ. ದೇವರ ದಾರಿಯಲ್ಲಿ ಯಾವ ಮುಳ್ಳು ಚುಚ್ಚುತ್ತದೆ?

ಮನೆಗೆ ಬಂದು ಹೇಳಿದಾಗ ಇವರು ಮೊದಲು ಕಣ್ಣು ಕೆಂಪಗೆ ಮಾಡಿದರು. "ನನ್ ಕೇಳ್ದೆ ನನ್ ಕಾಲ್ನ ಅಡ ಇಟ್ಟು ಬಂದಿದ್ದೀಯಲ್ಲೇ" ಎಂದರು. ಅವರ ತಾಯಿ ಹಿಂದೆ ಮಗನಿಗಾಗಿ ಹೊತ್ತ ಹರಕೆಯೊಂದನ್ನು ಅಪ್ಪ ತೀರಿಸಲು ಬಿಟ್ಟಿರಲಿಲ್ಲವಂತೆ, ಮರುವರ್ಷವೇ ಆಕೆ ಹೋದಳಂತೆ. ಅದು ಇವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹರಕೆ ಹೊತ್ತಿದ್ದೆ.

"ಹೊತ್ಕಂಡಿರೋಳು ನೀನು. ತಪ್ಪುದ್ರೆ ತಟ್ಟಾದು ನಿಂಗೆ" ಎಂದರು ಕೊನೆಗೆ. "ಹೋಯ್ತೀನಿ ಬುಡು."

ಕಾರ್ತಿಕದ ಮೊದಲ ಸೋಮವಾರ ಶುರುವಾಯಿತು. ಅಬ್ಬಬ್ಬಾ, ಆ ಮನುಷ್ಯ ಬದಲಾದದ್ದನ್ನು ಏನು ಹೇಳಲಿ! ಅಲಾರಂ ಬೇಡ, ಕೂಗುವುದು ಬೇಡ. ನಾಲ್ಕೂಮುಕ್ಕಾಲಿಗೆ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಾಗಿಲ ಹತ್ತಿರ ಬರುತ್ತಿದ್ದರು. ನಾನು ಚೊಂಬು ಕೈಗೆ ಕೊಡುತ್ತಿದ್ದೆ. ಚಳಿಯಲ್ಲಿ ಡಾಂಬರು ರಸ್ತೆ ಮಂಜುಗಡ್ಡೆಯ ಹಾಗಿರುತ್ತಿತ್ತು. "ಕಾಲು ತಣ್ಣಗಾಗಲ್ವಾ?" ಎಂದರೆ "ಏನೂ ಗೊತ್ತಾಗಲ್ಲ ಕಣೇ" ಎನ್ನುತ್ತಿದ್ದರು. ಬಸವಣ್ಣನ ಮಹಿಮೆ ಎಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ!

ಬೆಳಗಿನ ಒಂದು ಕೆಲಸ ಸರಿಯಾದ ಮೇಲೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಯಿತು. ವ್ರತದಲ್ಲಿರುವವರು ಬೋಂಡ ತಿನ್ನುವುದು ಹೇಗೆ ಎಂದು ಗುಬ್ಬಿಯ ಬೋಂಡ ಬಿಟ್ಟರು. ಟೀಗೆ ಸಕ್ಕರೆ ಬಿಟ್ಟರು. ನಾನು ಕಟ್ಟಿಕೊಟ್ಟ ರಾಗಿರೊಟ್ಟಿ, ಸೊಪ್ಪಿನ ಪಲ್ಯದ ಡಬ್ಬಿಯನ್ನು ಒಂದು ಗಂಟೆಗೆ ಸರಿಯಾಗಿ ಬಿಚ್ಚುತ್ತಿದ್ದಾರೆ ಎಂದು ನರಸಯ್ಯನೇ ಹೇಳಿದ. ಮೂವತ್ತನೇ ದಿನ ರಕ್ತ ಪರೀಕ್ಷೆ ಮಾಡಿಸಿದಾಗ ನೂರ ಐವತ್ತು. ರಘುನಂದನ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. "ಏನ್ ಮಾಡಿದ್ರಿ ಚನ್ನೇಶ್?" ಎಂದರು. "ನಡಿತಾ ಇದ್ದೀನಿ ಸಾರ್" ಎಂದರು ಇವರು. ಅಂದು ಆಸ್ಪತ್ರೆಗೆಂದು ಶೂ ಹಾಕಿಕೊಂಡು ಹೋಗಿದ್ದರಿಂದ ಡಾಕ್ಟರು ಬೇರೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನನಗೆ ಬಂದ ಜಂಭವನ್ನು ಕೇಳಬೇಡಿ. ಬೀದಿಯ ಹೆಂಗಸರಿಗೆಲ್ಲ ನಾನೇ ಡಾಕ್ಟರು. ರೇವಮ್ಮನ ಗಂಡನಿಗೂ ಇಂಥದ್ದೇ ಹರಕೆ ಹೊರಿಸಲು ಹೊರಟಿದ್ದೆ. ಆಕೆ ಪುಣ್ಯವಂತೆ, "ನಮ್ಮೋರು ದೇವರಿಗೂ ಹೆದರಲ್ಲ ಬಿಡಿ ಶಕುಂತಲಮ್ಮ" ಎಂದು ತಪ್ಪಿಸಿಕೊಂಡಳು.

ನಲವತ್ತೆರಡನೇ ದಿನ ಭಾನುವಾರ. ಅವರಿಗೂ ಅಂದು ರಜೆ. ಬೆಳಗ್ಗೆ ಗುಡ್ಡಕ್ಕೆ ಹೋಗಿ ಬಂದು, ಮಧ್ಯಾಹ್ನ ಊಟ ಮಾಡಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದರು. ದೀಪಿಕಾ ಗೆಳತಿಯ ಮನೆಗೆ ಹೋಗಿದ್ದಳು. ನೆಲ ಒರೆಸುತ್ತಾ ಬಂದೆ. ಬಚ್ಚಲಿನಿಂದ ಚಾಪೆಯವರೆಗೆ ಕಂದುಬಣ್ಣದ ಚುಕ್ಕೆಗಳು ಒಂದೊಂದು ಹೆಜ್ಜೆಗೆ ಒಂದೊಂದರಂತೆ ಬಿದ್ದಿದ್ದವು. ಸಾರು ಚೆಲ್ಲಿದ್ದಾರೆ ಎಂದು ಬಾಯಿಗೆ ಬಂದದ್ದು ಬೈಯುತ್ತಾ ಒರೆಸಿದೆ. ಕೊನೆಯ ಚುಕ್ಕೆ ಒರೆಸಿ ತಲೆ ಎತ್ತಿದರೆ ಅವರ ಬಲ ಅಂಗಾಲು ನನ್ನ ಮುಖದ ಎದುರಿಗೇ ಇತ್ತು. ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ತೂತು. ಸುತ್ತ ಚರ್ಮ ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು. ಒಳಗೆ ಕಪ್ಪು. ಸ್ವಲ್ಪ ವಾಸನೆಯೂ ಇತ್ತು.

ಎಬ್ಬಿಸಬೇಕೆಂದು ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಇದನ್ನೇ ನಾನು ಇಷ್ಟು ಹೊತ್ತಿನಿಂದ ಹೇಳಲು ಹೊರಟಿರುವುದು.

ಇನ್ನು ಆರು ದಿನ. ಆರೇ ಆರು ದಿನ. ಈಗ ಎಬ್ಬಿಸಿದರೆ ಡಾಕ್ಟರ ಹತ್ತಿರ ಹೋಗಬೇಕು, ಅವರು ನಡೆಯಬೇಡಿ ಎನ್ನುತ್ತಾರೆ, ಹರಕೆ ಮುರಿಯುತ್ತದೆ. ಒಂದು ದಿನ ತಪ್ಪಿತೋ, ಮುಗಿಯಿತು, ಈ ಮನುಷ್ಯ ಮತ್ತೆ ಏಳುವುದಿಲ್ಲ. ಮತ್ತೆ ಬೋಂಡ, ಮತ್ತೆ ಪಾಕದಂಥ ಟೀ, ಮತ್ತೆ ಮುನ್ನೂರ ನಲವತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ದಾರಿಗೆ ಬಂದವರನ್ನು ನಾನೇ ಹೇಗೆ ನಿಲ್ಲಿಸಲಿ? ನೋವಂತೂ ಅವರಿಗಿಲ್ಲ. ಹೊಟ್ಟೆ ಬಂದವರಿಗೆ ಅಂಗಾಲು ಕಾಣುವುದೂ ಇಲ್ಲ, ಹಾಗಾಗಿ ಗೊತ್ತೇ ಇಲ್ಲ. ಸಣ್ಣ ಗಾಯ, ಒಣಗುತ್ತದೆ. ಹೀಗೆಲ್ಲ ಯೋಚಿಸಿದೆ. ಹರಕೆ ತಪ್ಪಿದರೆ ನನಗೇ ತಟ್ಟುತ್ತದೆ ಎಂಬ ಭಯವೂ ಒಳಗಿತ್ತು, ಸುಳ್ಳೇಕೆ ಹೇಳಲಿ. ಹರಕೆ ನಿಂತುಹೋದರೆ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟು, ಮುಂದೆ ಯಾವಾಗಲಾದರೂ ತೀರಿಸುತ್ತೇನೆ ಎಂದು ಕೈಮುಗಿದರೆ ಸಾಕು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ನನಗೂ ಗೊತ್ತಿತ್ತು.

ಎದ್ದು ಹೋಗಿ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಾಯಿಸಿ ತಂದೆ. ಹತ್ತಿಯಲ್ಲಿ ಅದ್ದಿ ಗಾಯಕ್ಕೆ ಹಚ್ಚಿದೆ. ಒತ್ತಿಯೇ ಹಚ್ಚಿದೆ. ಅವರು ಕದಲಲಿಲ್ಲ. ಮುಖ ಗೋಡೆಯ ಕಡೆಗಿತ್ತು, ಉಸಿರು ಒಂದೇ ಸಮನೆ ಬರುತ್ತಿತ್ತು.

ಸೋಮವಾರ ಹೋದರು. ಮಂಗಳವಾರ ಹೋದರು. ಅಂಗನವಾಡಿಯಲ್ಲಿ ಒಂದು ಮಗು ಮೊಣಕಾಲು ತರಚಿಕೊಂಡು ಅಳುತ್ತಾ ಬಂತು. ತೊಳೆದು, ಔಷಧಿ ಹಚ್ಚಿ, ತಾಯಿಗೆ ಹೇಳಿಕಳಿಸಿದೆ. "ಗಾಯ ಸಣ್ಣದು ಅಂತ ಅಸಡ್ಡೆ ಮಾಡ್ಬೇಡಮ್ಮ" ಎಂದು ಆಕೆಗೆ ಬುದ್ಧಿಯನ್ನೂ ಹೇಳಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಗುರುವಾರ ಸಂಜೆ ಅವರಿಗೆ ಜ್ವರ ಬಂತು. ಚಳಿಗಾಲದ ಜ್ವರ ಎಂದು ಅವರೇ ಅಂದರು, ನಾನು ಕಷಾಯ ಕೊಟ್ಟೆ. ಶುಕ್ರವಾರ ಹಿಮ್ಮಡಿಯವರೆಗೂ ಊತ ಹತ್ತಿತ್ತು. ಆದರೂ ಹೋದರು.

ಶನಿವಾರ ನಲವತ್ತೆಂಟನೇ ದಿನ. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಅವರು ಎರಡು ಕಡೆ ನಿಂತು ಸುಧಾರಿಸಿಕೊಂಡರು. ಗುಡಿಯ ಮೆಟ್ಟಿಲ ಹತ್ತಿರ ಈಡುಗಾಯಿ ಒಡೆಯುವ ಕಲ್ಲು, ಅದರ ಸುತ್ತ ಚಿಪ್ಪಿನ ಚೂರುಗಳು ಹರಡಿಕೊಂಡಿರುತ್ತವೆ. ನಮ್ಮದು ತೆಂಗಿನ ಸೀಮೆ, ಯಾರೂ ಒಂದೆರಡು ಕಾಯಿಗೆ ನಿಲ್ಲಿಸುವುದಿಲ್ಲ. ನಾನು ಸೆರಗು ಎತ್ತಿಕೊಂಡು ಚೂರುಗಳ ಮಧ್ಯೆ ನೋಡಿ ನೋಡಿ ಹೆಜ್ಜೆ ಇಟ್ಟೆ. ಅವರು ಅದರ ಮೇಲೆಯೇ ನಡೆದು ಹೋದರು. ನೀರು ಎರೆದು, ಮಂಗಳಾರತಿ ಮುಗಿಸಿ, ನನ್ನ ಹಣೆಗೆ ತಾವೇ ವಿಭೂತಿ ಇಟ್ಟರು. "ತೀರ್ತಲ್ಲ, ಇನ್ನ ನೆಮ್ದಿಯಾಗಿರು" ಎಂದರು. ಆಮೇಲೆ ಡ್ಯೂಟಿಗೆ ಹೋದರು. ಬೇಡ ಎಂದೆ, ಕೇಳಲಿಲ್ಲ. ಆ ಒಂದು ಬೇಡವನ್ನು ಆರು ದಿನ ಮುಂಚೆ ಅಂದಿದ್ದರೆ!

ಮಧ್ಯಾಹ್ನ ನರಸಯ್ಯನ ಫೋನ್ ಬಂತು. ಗುಬ್ಬಿ ಸ್ಟ್ಯಾಂಡಿಗೆ ಗಾಡಿ ತಂದು ನಿಲ್ಲಿಸಿದವರು ಇಳಿಯಲೇ ಇಲ್ಲವಂತೆ. "ಅತ್ತಿಗೆ, ಅಣ್ಣ ಸೀಟಲ್ಲೇ ಕೂತವ್ರೆ. 'ನರಸಯ್ಯ, ಬ್ರೇಕ್ ಮೇಲೆ ಕಾಲಿದೆಯಾ ನೋಡ್ಲಾ, ನಂಗೆ ಗೊತ್ತಾಗ್ತಿಲ್ಲ' ಅಂತವ್ರೆ. ಮೈ ಸುಡ್ತಾ ಇದೆ" ಎಂದ. ಅಷ್ಟು ಜನರನ್ನು ಕೂರಿಸಿಕೊಂಡು ಆ ಕಾಲಿನಲ್ಲಿ ಗುಬ್ಬಿಯವರೆಗೆ ಬಂದಿದ್ದರು. ಯಾರಿಗೂ ಏನೂ ಆಗಲಿಲ್ಲ. ಅದೊಂದು ಪುಣ್ಯ ಉಳಿಯಿತು.

ತುಮಕೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ರಘುನಂದನ ಡಾಕ್ಟರೂ ಬಂದರು. ಗಾಯ ಕೊಯ್ದಾಗ ಒಳಗಿನಿಂದ ಬೆರಳಿನ ಉಗುರಿನಷ್ಟು ದೊಡ್ಡ ತೆಂಗಿನ ಚಿಪ್ಪಿನ ಚೂರು ಬಂತು. ಎರಡು ವಾರವಾದರೂ ಆಗಿರಬೇಕು ಹೊಕ್ಕು ಎಂದರು. ಕೀವು ಮೂಳೆಗೆ ಇಳಿದಿತ್ತು. ಎರಡು ವಾರ ಎಂದ ಮೇಲೆ ಅಷ್ಟು ದಿನ ಅದರ ಮೇಲೆಯೇ ನಡೆದಿದ್ದಾರೆ, ಬ್ರೇಕ್ ತುಳಿದಿದ್ದಾರೆ.

ಡಾಕ್ಟರು ನನ್ನನ್ನು ಕೇಳಿದರು: "ಇದನ್ನ ನೀವು ಯಾವಾಗ ನೋಡಿದ್ದಮ್ಮ?"

ನನ್ನ ನಾಲಿಗೆ ತಾನಾಗಿಯೇ ಹೊರಳಿತು. "ನಿನ್ನೆ ಸಂಜೆ ಸಾರ್."

ಹಾಸಿಗೆಯ ಮೇಲಿಂದ ಇವರು ಹೇಳಿದರು: "ಅವಳದೇನೂ ತಪ್ಪಿಲ್ಲ ಸಾರ್. ನಂಗೆ ಮೊದ್ಲೇ ಗೊತ್ತಿತ್ತು. ನಾನೇ ಮುಚ್ಚಿಟ್ಕಂಡಿದ್ದೆ."

ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಆ ಸುಳ್ಳಿನ ಹಿಂದೆ ಬಚ್ಚಿಟ್ಟುಕೊಂಡೆ ಕೂಡ. ಡಾಕ್ಟರು ತಲೆಯಲ್ಲಾಡಿಸಿದರು. ಮೊದಲು ಹೆಬ್ಬೆರಳು ತೆಗೆದರು. ನಾಲ್ಕು ದಿನದ ಮೇಲೆ ಪಾದ ಉಳಿಯುವುದಿಲ್ಲ ಎಂದರು. ಆಮೇಲೆ ಮೊಣಕಾಲಿನ ಕೆಳಗೆ. ಒಂದು ವಾರ ಮುಂಚೆ ಬಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತೋ ಏನೋ ಎಂದು ಸರ್ಜನ್ ಅಂದರು. ಏನೋ ಎನ್ನುವ ಆ ಮಾತನ್ನು ನಾನು ಹಿಡಿದುಕೊಂಡು ನೇತಾಡಿದ್ದೇನೆ. ಮನೆಗೆ ಬರುವಾಗ ಕೊಟ್ಟ ರಿಪೋರ್ಟಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಬಹಳ ಇಳಿದಿತ್ತು. ಡಾಕ್ಟರು ಅದನ್ನು ತೋರಿಸಲೂ ಇಲ್ಲ, ಹೊಗಳಲೂ ಇಲ್ಲ, ಮಡಿಸಿ ಫೈಲಿನೊಳಗೆ ಇಟ್ಟರು.

ಈಗ ನಾಲ್ಕು ತಿಂಗಳಾಗಿದೆ. ಲೈಸೆನ್ಸ್ ರಿನ್ಯೂವಲ್ ದಿನ ಬಂದು ಹೋಯಿತು. ಅಂದು ಅವರು ಪೇಪರ್ ಓದುತ್ತಾ ಕೂತಿದ್ದರು, ಒಂದೇ ಪುಟವನ್ನು ಮಧ್ಯಾಹ್ನದವರೆಗೂ ಓದಿದರು. ನರಸಯ್ಯ ಆಗಾಗ ಬಂದು ರೂಟಿನ ಸುದ್ದಿ ಹೇಳುತ್ತಾನೆ. ಹೊಸ ಡ್ರೈವರ್ ಮುದುಕಿಯರಿಗೆ ನಿಲ್ಲಿಸುವುದಿಲ್ಲವಂತೆ. ಅದನ್ನು ಹೇಳಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡುತ್ತೇನೆ, ಆ ಬಡ್ಡಿಮಗನಿಗೆ ಅರ್ಥವಾಗುವುದಿಲ್ಲ.

ಇವರ ದಿನಚರಿಗೆ ಮಾತ್ರ ಈಗ ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಐದಕ್ಕೆ ಏಳುತ್ತಾರೆ. ಹಾಸಿಗೆಯ ಮೇಲೆಯೇ ಲಿಂಗಪೂಜೆ. ಕುರ್ಚಿಯಲ್ಲಿ ಕೂತು ಕೈ ಮೇಲೆ ಕೆಳಗೆ ಆಡಿಸುವ ವ್ಯಾಯಾಮ. ಗಂಟೆಗೆ ಸರಿಯಾಗಿ ಮಾತ್ರೆ, ಗಂಟೆಗೆ ಸರಿಯಾಗಿ ಊಟ. ಸಕ್ಕರೆ ನೂರ ಹತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಮಾಡುತ್ತಾರೆ, ಒಂದನ್ನು ಬಿಟ್ಟು.

ದೀಪಿಕಾಳಿಗೆ ಮಾತ್ರ ಸಿಟ್ಟು ಇಳಿದಿಲ್ಲ. ಅಪ್ಪನ ಮೇಲೆ ಪ್ರಾಣ ಇಟ್ಟುಕೊಂಡವಳು ಅವಳು, ಅದಕ್ಕೇ ಅಷ್ಟು ಸಿಟ್ಟು. ಮೊನ್ನೆ ಬೆಳಗ್ಗೆ ಕಾಲೇಜಿಗೆ ಹೊರಟವಳು ಊರುಗೋಲು ಕಾಲಿಗೆ ಸಿಕ್ಕಿ ಮುಗ್ಗರಿಸಿದಳು. ಅಷ್ಟಕ್ಕೇ ಶುರುವಾಯಿತು. "ಒಂದ್ ಮಾತು ಹೇಳಿದ್ರೆ ಏನಾಗ್ತಿತ್ತಪ್ಪ? ಅಮ್ಮಂಗಾದ್ರೂ ತೋರಿಸಬಾರದಾಗಿತ್ತಾ? ಅಮ್ಮ ಒಂದು ನಿಮಿಷ ಸುಮ್ನೆ ಇರ್ತಿದ್ಳಾ? ಎಳ್ಕೊಂಡು ಹೋಗ್ತಿದ್ಳು! ನಿನ್ನ ಹಟಕ್ಕೆ ನಾವು ಅನುಭವಿಸ್ಬೇಕು" ಎಂದು ಅಳುತ್ತಲೇ ಬಾಗಿಲು ಎಳೆದುಕೊಂಡು ಹೋದಳು. ಇವರು "ತಪ್ಪಾಯ್ತು ಕಣಮ್ಮ" ಎಂದರು. ನಾಲ್ಕು ತಿಂಗಳಿಂದ ಅವಳಿಗೆ ಅದೇ ಮಾತು ಹೇಳುತ್ತಿದ್ದಾರೆ.

ನಾನು ಅವರ ಮೊಂಡುಕಾಲಿಗೆ ಬಟ್ಟೆ ಸುತ್ತುತ್ತಿದ್ದೆ. ಸುತ್ತು ತಪ್ಪಿ ಬಿಚ್ಚಿಕೊಂಡಿತು. ಇನ್ನು ನನ್ನಿಂದ ತಡೆಯಲು ಆಗಲಿಲ್ಲ.

"ರೀ, ಅವಳು ಬೈಬೇಕಾಗಿರೋದು ನನ್ನ. ನಾನು ಆ ಭಾನುವಾರನೇ ನೋಡಿದ್ದೆ. ನೀವು ಮಲಗಿದ್ರಿ. ಆರು ದಿನ ಮುಂಚೆನೇ ನೋಡಿದ್ದೆ ಕಣ್ರೀ. ಹರಕೆ ಮುಗೀಲಿ ಅಂತ ಬಾಯಿ ಮುಚ್ಕೊಂಡಿದ್ದೆ" ಎಂದು ಅವರ ಮಡಿಲಲ್ಲಿ ಮುಖ ಇಟ್ಟು ಅತ್ತೆ.

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. "ಗೊತ್ತು" ಎಂದರು.

"ಏನು ಗೊತ್ತು?"

"ಎಚ್ರಾಗೇ ಇದ್ದೆ ಕಣೇ. ನೀನು ಮುಟ್ಟಿದ್ದು ಕಾಲಿಗೆ ತಿಳೀಲಿಲ್ಲ, ಅರಿಶಿನ ಕಾಯ್ಸಿದ್ದು ಮೂಗಿಗೆ ಬಂತು. ಬ್ರೇಕ್ ಪೆಡ್ಲಲ್ಲಿ ರಕ್ತ ನೋಡಿ ಅದಕ್ಕೂ ಮೊದ್ಲೇ ಗಾಯ ಗೊತ್ತಾಗಿತ್ತು."

"ಮತ್ತೆ ಯಾಕ್ರೀ ಹೋದ್ರಿ? ನಿಲ್ಲಿಸಬಾರದಾಗಿತ್ತಾ?"

"ನಾನೆಂಗೆ ನಿಲ್ಸಾದು? ಹೊತ್ಕಂಡಿರೋಳು ನೀನು, ನಿಂಗೇನಾದ್ರೂ ಆದ್ರೆ? ನೀನು ನೋಡಿದ್ಯಲ್ಲ, ನೀನೇ ಸಾಕು ಬುಡಿ ಅಂತೀಯ ಅಂತ ಕಾದೆ. ದಿನಾ ಬೆಳಿಗ್ಗೆ ಚೊಂಬು ಇಸ್ಕಂಡ್ಮೇಲೆ ಬಾಗ್ಲು ತಾವ ಒಂದ್ ಗಳಿಗೆ ನಿಂತ್ಕತಿದ್ದೆ. ನೀನು ನೋಡ್ಲಿಲ್ವಾ?"

ನೋಡಿದ್ದೆ. ಹೊಸ್ತಿಲ ಮೇಲೆ ನಿಂತು ನನ್ನ ಮುಖ ನೋಡುತ್ತಿದ್ದರು. ಚಳಿಗೆ ಸೋಮಾರಿತನ ಹತ್ತಿದೆ, ಈಗ ಬಿಟ್ಟರೆ ಕೆಟ್ಟೆ ಎಂದುಕೊಂಡು, "ಹೊತ್ತಾಯ್ತು, ನಡೀರಿ" ಎಂದಿದ್ದೆ. ಆರು ದಿನವೂ ಎಂದಿದ್ದೆ.